ಕಾಫಿ ಕಣದಲ್ಲಿ ಮಲಗಿದ ಪೈನಾಪಲ್ ಲಿಲ್ಲಿ

ಈ ಸಲ ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಒಟ್ಟಿಗೆ ಹದಿನಾಲ್ಕು ಕಡ್ಡಿ ಪೈನಾಪಲ್ ಲಿಲ್ಲಿ ಹೂ ನಿಂತಿತ್ತು. ಹದಿನಾಲ್ಕೋ ಹದಿನೈದೋ, ನಾನು ಎಣಿಸುವ ಮೊದಲೇ ನಾದಿನಿ ಒಂದನ್ನು ಕತ್ತರಿಸಿಕೊಂಡು ಹೋಗಿದ್ದಳು. "ನಮ್ಮ ಮಳೆಗೆ ಅದೆಲ್ಲ ಬರಲ್ಲ ಕಣೇ, ಸುಮ್ನೆ ದುಡ್ಡು ದಂಡ" ಎಂದು ಮೊದಲ ವರ್ಷದಿಂದ ಹೇಳುತ್ತಿದ್ದ ಪಕ್ಕದ ತೋಟದ ಅಕ್ಕ, ಕೊಡೆ ಹಿಡಿದುಕೊಂಡು ಬಂದು ನೋಡಿದರು. ಹೋಗುವಾಗ ಗೇಟಿನ ಹತ್ತಿರ ತಿರುಗಿ, "ನಂಗೂ ಎರಡು ಗಡ್ಡೆ ಎತ್ತಿಡು" ಎಂದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಮೂಡಿಗೆರೆ ಕಡೆ. ವರ್ಷಕ್ಕೆ ನೂರು ಇಂಚಿನ ಆಸುಪಾಸು ಮಳೆ. ಡೇಲಿಯಾ, ಗ್ಲಾಡಿಯೋಲಸ್ ಸಾಕಿದವರಿಗೆ ಗಡ್ಡೆ ನೆಡುವುದು ಹೇಗೆ ಅಂತ ನಾನು ಹೇಳಬೇಕಿಲ್ಲ. ಪೈನಾಪಲ್ ಲಿಲ್ಲಿ ನೋಡದವರಿಗೆ ಇಷ್ಟು ಹೇಳುತ್ತೇನೆ: ಅಗಲ ಎಲೆ, ನಡುವೆ ಒಂದು ದಪ್ಪ ಕಡ್ಡಿ, ಕಡ್ಡಿ ತುಂಬ ನಕ್ಷತ್ರದಂಥ ಹೂ, ತುದಿಯಲ್ಲಿ ಅನಾನಸಿನ ಜುಟ್ಟಿನ ಹಾಗೇ ಒಂದು ಜುಟ್ಟು. ಅನಾನಸಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಮನೆಯವರಿಗೆ ಇದು ಇನ್ನೂ ಅರ್ಥವಾಗಿಲ್ಲ. "ಅನಾನಸು ಬೇಕಿದ್ರೆ ಸಂತೇಲಿ ಸಿಗುತ್ತಲ್ಲ" ಅಂತ ಪ್ರತಿ ಪಾರ್ಸೆಲ್ ಬಂದಾಗಲೂ ಅಂದಿದ್ದಾರೆ.

ಮೊದಲ ಗಡ್ಡೆ ತರಿಸಿದ್ದು 2019ರ ಮೇ ತಿಂಗಳಲ್ಲಿ, ಆನ್‌ಲೈನಿನಲ್ಲಿ. ಐದು ಗಡ್ಡೆಗೆ ಕೊರಿಯರ್ ಸೇರಿ ಸಾವಿರದ ನಾನೂರೋ ಐನೂರೋ ಆಯಿತು. ಮೂರು ಗಡ್ಡೆ ಸರಿಯಿದ್ದವು. ಉಳಿದ ಎರಡು ಮುಂದೆ ಎಲೆ ಬಿಟ್ಟಾಗ ನೋಡಿದರೆ ಮಾಮೂಲಿ ಕೆಂಪು ಅಮರಿಲ್ಲಿಸ್! ನಮ್ಮ ಬಚ್ಚಲಮನೆ ಹಿಂದೆ ಅದು ಬುಟ್ಟಿಗಟ್ಟಲೆ ಇದೆ. ಮಾರಿದವರಿಗೆ ಫೋಟೋ ಕಳಿಸಿದೆ. ಕೈಮುಗಿಯುವ ಚಿತ್ರ ಒಂದು ಬಂತು, ದುಡ್ಡು ಬರಲಿಲ್ಲ.

ಸರಿಯಿದ್ದ ಮೂರನ್ನು ಡೇಲಿಯಾ ಪಾತಿಯ ಪಕ್ಕ ನೆಲಕ್ಕೇ ಹಾಕಿದೆ. ಬುಡಕ್ಕೆ ಒಂದೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೇರೆ. ಆ ವರ್ಷದ ಆಗಸ್ಟ್ ಮಳೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಗುಡ್ಡಗಳೇ ಜಾರಿದ ಮಳೆಯಲ್ಲಿ ನನ್ನ ಮೂರು ಗಡ್ಡೆ ಯಾವ ಲೆಕ್ಕ! ಮಳೆ ಬಿಟ್ಟ ಮೇಲೆ ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬಂತು. ಮಣ್ಣಿನೊಳಗೆ ಬೆರಳು ಹಾಕಿದೆ. ಶುಂಠಿ ಬೆಳೆದು ಕೊಳೆರೋಗ ಕಂಡವರಿಗೆ ಆ ವಾಸನೆ ಗೊತ್ತು.

ಮರುವರ್ಷ ಊಟಿ ಕಡೆಯ ಒಂದು ಸಣ್ಣ ನರ್ಸರಿಯವರಿಂದ ಮೂರು ಗಡ್ಡೆ ತರಿಸಿದೆ. ಒಂದಕ್ಕೆ ಮುನ್ನೂರೈವತ್ತು. ಈ ಸಲ ಜಾಣತನ ಮಾಡಿ ಕುಂಡಕ್ಕೆ ಹಾಕಿದೆ. ಆದರೆ ಮಣ್ಣಿನ ಬದಲು ಮುಕ್ಕಾಲು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿಸಿದೆ. ಬಯಲುಸೀಮೆಯವರ ತಾರಸಿಗೆ ಕೋಕೋಪೀಟ್ ಸರಿ, ನಮ್ಮ ಮಳೆಗಾಲಕ್ಕೆ ಅದು ಒದ್ದೆ ಸ್ಪಂಜು. ಆದರೂ ಮಳೆ ಹೊಡೆಯದ ಜಗುಲಿಯಲ್ಲಿ ಇಟ್ಟಿದ್ದರಿಂದ ಬದುಕಿದವು. ಒಂದು ಗೇಣುದ್ದದ ಹೂವನ್ನೂ ಬಿಟ್ಟಿತು. ನವೆಂಬರ್‌ನಲ್ಲಿ ಎಲೆ ಹಳದಿಯಾಗಿ ಮಲಗಿತು. ಅತ್ತೆಗೆ ಪಾಪ ಅನಿಸಿತು. ಅಕ್ಕಿ ತೊಳೆದ ನೀರು ದಿನಾ ಬೆಳಿಗ್ಗೆ ತಪ್ಪದೆ ಹಾಕಿದರು. ನಾನೂ ಬೇಡ ಅನ್ನಲಿಲ್ಲ, ನನಗೂ ಗೊತ್ತಿರಲಿಲ್ಲ. ಜನವರಿಯಲ್ಲಿ ಎರಡು ಕುಂಡ ಬೋರಲು ಹಾಕಿದರೆ ಒಳಗೆ ಗಂಜಿ.

ಮೂರನೆಯ ಕುಂಡ ಎಲ್ಲಿ ಅಂತ ಹುಡುಕಿದೆ, ಸಿಗಲಿಲ್ಲ. ಆಮೇಲೆ ಮರೆತೆ. ಏಪ್ರಿಲ್‌ನಲ್ಲಿ ಕಾಫಿ ಕಣದ ಮೂಲೆ ಗುಡಿಸುವಾಗ ನೋಡಿದರೆ ಅಲ್ಲಿ ಬಿದ್ದಿದೆ! ಕೊಯ್ಲಿನ ಸಮಯದಲ್ಲಿ ಯಾರೋ ಆಳು ದಾರಿಗೆ ಅಡ್ಡ ಅಂತ ಎತ್ತಿ ಅಲ್ಲಿಟ್ಟಿದ್ದಾರೆ, ನಾಯಿಯೋ ಕರುವೋ ಉರುಳಿಸಿದೆ. ಡಿಸೆಂಬರ್‌ನಿಂದ ಬಿಸಿಲಲ್ಲಿ ಮಗ್ಗುಲಾಗಿ ಬಿದ್ದಿದೆ. ಯಾರೂ ಒಂದು ಹನಿ ನೀರು ಹಾಕಿಲ್ಲ. ಕೋಕೋಪೀಟ್ ಒಣಗಿ ಕುಂಡದಿಂದ ಬಿಟ್ಟುಕೊಂಡಿತ್ತು. ನಡುವೆ ಹೆಬ್ಬೆರಳಿನಷ್ಟು ದಪ್ಪ ಮೊಳಕೆಯ ಹಸಿರು ಮೂಗು ಹೊರಗೆ ಇಣುಕುತ್ತಿತ್ತು.

ನನ್ನ ಇಡೀ ವಿದ್ಯೆ ಅಷ್ಟೇ. ಆ ನಾಯಿಯೋ ಕರುವೋ ನನಗೆ ಗುರು.

ಆಮೇಲೆ ನಮ್ಮಕ್ಕನ ಮಗನ ಹತ್ತಿರ ಫೋನಿನಲ್ಲಿ ಇದನ್ನು ಹೇಳಿದೆ. ಅವನು ಆಗ ಡರ್ಬನ್‌ನಲ್ಲಿ ಕೆಲಸಕ್ಕಿದ್ದ. ಈ ಗಿಡದ ತವರು ಅದೇ ದಿಕ್ಕು, ದಕ್ಷಿಣ ಆಫ್ರಿಕಾದ ಡ್ರೇಕನ್ಸ್‌ಬರ್ಗ್ ಬೆಟ್ಟಸಾಲು ಮತ್ತು ಲೆಸೊಥೊ. "ಚಿಕ್ಕಮ್ಮ, ಇಲ್ಲಿ ಬೇಸಿಗೇಲೇ ಮಳೆ. ಚಳಿಗಾಲದಲ್ಲಿ ಬೆಟ್ಟವೆಲ್ಲ ಬರೀ ಒಣಹುಲ್ಲು" ಎಂದ. ಆರು ತಿಂಗಳು ನೆನೆ, ಆರು ತಿಂಗಳು ಒಣಗು. ಅಂದರೆ ನಮ್ಮ ಮಲೆನಾಡಿನದ್ದೇ ಲೆಕ್ಕ, ಅಲ್ವಾ? ತಿಂಗಳು ಮಾತ್ರ ಉಲ್ಟಾ. ಮಳೆಗೆ ಬರಲ್ಲ ಅನ್ನುವುದು ಅರ್ಧ ಸತ್ಯ. ನನ್ನ ಗಡ್ಡೆಗಳನ್ನು ಒಂದು ವರ್ಷ ನಿಂತ ನೀರು ಕೊಂದಿತ್ತು, ಇನ್ನೊಂದು ವರ್ಷ ಚಳಿಗಾಲದ ದಯೆ ಕೊಂದಿತ್ತು.

ಈಗ ಮಾಡುವುದು ಹೀಗೆ. ಸ್ವಾತಿ ಮಳೆ ಮುಗಿದು ಎಲೆ ಹಳದಿ ತಿರುಗಿದ ಕೂಡಲೇ ನೀರು ಬಂದ್. ಎಲೆ ತಾನಾಗಿ ಕಳಚುವವರೆಗೆ ಕೀಳುವುದಿಲ್ಲ. ಕಾಫಿ ಹರಡುವ ಹೊತ್ತಿಗೆ ಕುಂಡಗಳನ್ನೆಲ್ಲ ಕಣದ ಅಂಚಿನಲ್ಲಿ ಸಾಲಾಗಿ ಮಗ್ಗುಲು ಮಲಗಿಸುತ್ತೇನೆ. ಅಕಾಲದ ಮಳೆ ಬಂದರೂ ನೀರು ಒಳಗೆ ನಿಲ್ಲುವುದಿಲ್ಲ. ಆಳುಗಳು ಮೊದಲ ವರ್ಷ ನಕ್ಕರು. ಈಗ ಅವರೇ ಜೋಡಿಸುತ್ತಾರೆ.

ಇಲ್ಲೂ ಒಂದು ಸಲ ಕೆಟ್ಟಿತು. ಫೆಬ್ರವರಿ ಕೊನೆಗೆ ಕಾಫಿ ಹೂ ಬಿಡಲಿ ಅಂತ ತೋಟಕ್ಕೆ ನೀರು ಕೊಡಲು ಸ್ಪ್ರಿಂಕ್ಲರ್ ಹಾಕಿದ್ದರು. ಒಂದು ಜೆಟ್ ಕಣದ ತುದಿಗೂ ಬೀಳುತ್ತಿತ್ತು. ನಾನು ಗಮನಿಸಲಿಲ್ಲ. ಆ ಸಾಲಿನ ಐದು ಗಡ್ಡೆ ಬೇಗ ಎದ್ದವು. ಆಮೇಲೆ ಒಂದು ತಿಂಗಳು ಮಳೆಯಿಲ್ಲ, ಕಣದ ಬಿಸಿಲಿಗೆ ಎಳೆ ಎಲೆ ಸುಟ್ಟಿತು. ಸಾಯಲಿಲ್ಲ, ಆ ವರ್ಷ ಹೂ ಮಾತ್ರ ಕೊಡಲಿಲ್ಲ.

ಏಪ್ರಿಲ್‌ನಲ್ಲಿ ಮೂಗು ಕಂಡ ಮೇಲೆ ಮಣ್ಣು ಬದಲಿಸಿ ಕುಂಡ ನೆಟ್ಟಗೆ ಮಾಡುತ್ತೇನೆ. ಭರಣಿ ಮಳೆ ಸಿಕ್ಕಿದರೆ ಓಟ ಶುರು. ಮಣ್ಣಿಗೆ ಈಗ ಕೋಕೋಪೀಟ್ ಇಲ್ಲವೇ ಇಲ್ಲ. ತಳಕ್ಕೆ ಮೂರು ಬೆರಳಷ್ಟು ಒಡೆದ ಮಂಗಳೂರು ಹೆಂಚು. ಮೇಲೆ ತೋಟದ ಮೇಲ್ಮಣ್ಣು ಒಂದು ಪಾಲು, ಬೇಬಿ ಜಲ್ಲಿ ಮತ್ತು ಎಂ ಸ್ಯಾಂಡ್ ಸೇರಿ ಒಂದು ಪಾಲು, ಎರಡು ವರ್ಷ ಕೊಳೆತ ಕಾಫಿ ಸಿಪ್ಪೆ ಅರ್ಧ ಪಾಲು. ಕೊಳೆಯದ ಸಿಪ್ಪೆ ಹಾಕಿದರೆ ಬಿಸಿಯಾಗಿ ಬೇರು ಬೇಯುತ್ತದೆ. ಗಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಇರಬೇಕು. ಚಳಿದೇಶದವರು ಅರ್ಧ ಅಡಿ ಆಳ ಹಾಕುತ್ತಾರೆ, ಅದು ಹಿಮಕ್ಕೆ ಹೆದರಿ. ನಮಗೆ ಆ ಭಯ ಇಲ್ಲ. ನೆಡುವ ಮೊದಲು ಗಡ್ಡೆಯನ್ನು ಒಂದರಲ್ಲಿ ಅದ್ದುತ್ತೇನೆ. ಕಾಳುಮೆಣಸಿಗೆ ಹೊಡೆದು ಉಳಿದ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಅಂತ ಎಲ್ಲರೂ ಊಹಿಸುತ್ತಾರೆ. ಅದರ ಜೊತೆ ಇನ್ನೊಂದು ಇದೆ. ಅದನ್ನು ನನ್ನ ಹತ್ತಿರ ಗಡ್ಡೆ ಕೊಂಡವರಿಗೆ ಮಾತ್ರ ಹೇಳುವುದು.

ಗೊಬ್ಬರದ ವಿಷಯದಲ್ಲಿ ನಾನೂ ಆಸೆಬುರುಕಿ. ಒಂದು ವರ್ಷ ಕಾಫಿಗೆ ತಂದ ಹದಿನೇಳು-ಹದಿನೇಳು-ಹದಿನೇಳು ರಸಗೊಬ್ಬರವನ್ನು ಎರಡು ಸಲ ಚಿಟಿಕೆ ಚಿಟಿಕೆ ಹಾಕಿ, ಸಾಲದು ಅಂತ ಯೂರಿಯಾವನ್ನೂ ಕೊಟ್ಟೆ. ಎಲೆ ಬಾಳೆಯ ಹಾಗೆ ಬಂತು. ಕಡ್ಡಿ ಎರಡಡಿ ಬೆಳೆದು, ಪುಷ್ಯ ಮಳೆಯ ಗಾಳಿಗೆ ಸೊಂಟ ಮುರಿದು ಮಲಗಿತು. ಕೋಲು ಕಟ್ಟಿದೆ, ಕೋಲಿನ ಜೊತೆಗೇ ಬಿತ್ತು. ಸಿಲ್ವರ್ ಓಕ್ ನೆರಳೂ ಜಾಸ್ತಿ ಇತ್ತು ಅನ್ನಿ. ಈಗ ಯೂರಿಯಾ ಇಲ್ಲ, ಎಲೆ ಬಂದ ಮೇಲೆ ಒಂದು ಸಲ ಸ್ವಲ್ಪ ಬೂದಿ, ಬೆಳಗಿನ ಬಿಸಿಲು ಪೂರ್ತಿ ಸಿಗುವ ಜಾಗ. ಕಡ್ಡಿ ಒಂದೂವರೆ ಅಡಿಗೆ ನಿಂತರೂ ಗಟ್ಟಿ.

ಆರಿದ್ರೆಯಿಂದ ಆಶ್ಲೇಷದವರೆಗೆ ಕುಂಡಗಳು ಸೂರಿನಿಂದ ಎರಡು ಮಾರು ದೂರ, ಇಟ್ಟಿಗೆಯ ಮೇಲೆ. ಮಳೆ ನೇರ ಬಿದ್ದರೆ ತೊಂದರೆ ಇಲ್ಲ, ಸೂರಿನ ನೀರು ಬೀಳಬಾರದು. ಶತ್ರು ಅಂದರೆ ಬಸವನಹುಳು. ದೊಡ್ಡ ಆಫ್ರಿಕನ್ ಬಸವನಹುಳು ಈಗ ಎಲ್ಲ ತೋಟದಲ್ಲೂ ಇದೆಯಲ್ಲ, ಇದರ ಎಲೆ ಅಂದರೆ ಅದಕ್ಕೆ ಪ್ರಾಣ. ತವರಿನವರು ಅಂತ ಹುಡುಕಿಕೊಂಡು ಬರುತ್ತೋ ಏನೋ! ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕುವುದೇ ಉಪಾಯ.

ಹೂವಿನ ಬಗ್ಗೆ ಒಂದು ಎಚ್ಚರಿಕೆ. ನನ್ನ ಹತ್ತಿರ ಜಾಸ್ತಿ ಇರುವುದು ಬೈಕಲರ್ ಜಾತಿ. ಹಸಿರು ಹೂವಿಗೆ ನೇರಳೆ ಅಂಚು, ಕಡ್ಡಿಯ ಮೇಲೆ ಚುಕ್ಕಿ. ನೋಡಲು ಚೆಂದ, ಮೂಸಬೇಡಿ. ನೊಣ ಕರೆಯಲು ಅದು ಮಾಂಸ ಕೆಟ್ಟ ಹಾಗೆ ನಾರುತ್ತದೆ. ಜಗುಲಿಯಲ್ಲಿ ಇಟ್ಟ ವರ್ಷ ಅತ್ತೆ "ಅಟ್ಟದ ಮೇಲೆ ಇಲಿ ಸತ್ತಿದೆ" ಅಂತ ಎರಡು ದಿನ ಹುಡುಕಿಸಿದರು. ಕೊಮೋಸಾ ಜಾತಿ ಹಾಗಲ್ಲ, ಸಿಹಿ ವಾಸನೆ. ಅದು ನನ್ನ ಹತ್ತಿರ ಮೂರೇ ಇವೆ, ಯಾರಿಗೂ ಕೊಡುವುದಿಲ್ಲ. ಗಡ್ಡೆ ವಿಷ ಅನ್ನುವುದೂ ನೆನಪಿರಲಿ. ಒಣಗಿಸಿಟ್ಟ ಗಡ್ಡೆಯನ್ನು ಹೊಸ ಕೆಲಸದವಳು ಈರುಳ್ಳಿ ಅಂತ ಅಡುಗೆಮನೆ ಬುಟ್ಟಿಗೆ ಸೇರಿಸಿದ್ದಳು. ದೇವರು ದೊಡ್ಡವನು, ಆ ದಿನ ನಾನೇ ಅಡುಗೆಗೆ ನಿಂತಿದ್ದೆ. ಅದರ ದೇಶದಲ್ಲಿ ನಾಟಿ ಔಷಧಿಗೆ ಕಾಡಿನಿಂದ ಕಿತ್ತು ಕಿತ್ತು ಮಾರಿ, ಗಿಡ ಕಮ್ಮಿಯಾಗಿದೆಯಂತೆ. ನೀವು ಔಷಧಿ ಮಾಡಲು ಕೈ ಹಾಕಬೇಡಿ.

ಒಂದು ಗಡ್ಡೆ ಹದಿನಾಲ್ಕು ಕಡ್ಡಿ ಆಗಿದ್ದು ಮರಿಗಡ್ಡೆಯಿಂದ ಅಷ್ಟಾಗಿ ಅಲ್ಲ, ಎಲೆಯಿಂದ. ಚೆನ್ನಾಗಿರುವ ಒಂದು ಎಲೆಯನ್ನು ಎರಡೆರಡು ಇಂಚಿಗೆ ಕತ್ತರಿಸಿ, ಬುಡದ ಕಡೆಯನ್ನು ಒದ್ದೆ ಮರಳಿಗೆ ಊರಿದರೆ, ಎರಡು ಮೂರು ತಿಂಗಳಲ್ಲಿ ಕತ್ತರಿಸಿದ ಅಂಚಿನಲ್ಲಿ ಬಟಾಣಿಯಂಥ ಗಡ್ಡೆ ಕೂರುತ್ತದೆ. ಜುಲೈಯಲ್ಲಿ ಮಾಡಿದಾಗ ಎಲ್ಲಾ ಕೊಳೆಯಿತು. ಮಘೆ ಮಳೆ ಕಳೆದ ಮೇಲೆ ಮಾಡಿದೆ, ಹನ್ನೆರಡು ತುಂಡಿನಲ್ಲಿ ಏಳಕ್ಕೆ ಗಡ್ಡೆ ಬಂತು. ತಲೆಕೆಳಗಾಗಿ ಊರಿದರೂ ಬರುತ್ತಾ ಅಂತ ನಾಲ್ಕು ತುಂಡು ಹಾಗೂ ಊರಿ ನೋಡಿದೆ. ಬರಲ್ಲ. ಎಲೆ ಕತ್ತರಿಸಿದ ಕೂಡಲೇ ಬುಡದ ಅಂಚಿಗೆ ಬ್ಲೇಡಿನಿಂದ ಸಣ್ಣ ಗುರುತು ಹಾಕಿಕೊಳ್ಳಿ, ಆಮೇಲೆ ಗೊತ್ತಾಗುವುದಿಲ್ಲ. ಮೊದಲ ಬ್ಯಾಚಿನ ಮರಿಗಳನ್ನು ತಾಯಿಗಡ್ಡೆಯ ಹಾಗೇ ಕಣದಲ್ಲಿ ಒಣಗಿಸಿದೆ. ಬೆಳ್ಳುಳ್ಳಿ ಸಿಪ್ಪೆಯಾಗಿ ಹಾರಿಹೋದವು. ಮೊದಲ ಚಳಿಗಾಲ ಮರಿಗೆ ಸ್ವಲ್ಪ ತೇವ ಬೇಕು. ಎಷ್ಟು, ಎಲ್ಲಿ ಇಡುವುದು ಅನ್ನುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು, ನೀವೂ ಸ್ವಲ್ಪ ಕಷ್ಟಪಡಿ.

ದುಡ್ಡಿನ ಲೆಕ್ಕ ಕೇಳುವವರಿಗೆ: ಇಲ್ಲಿಯವರೆಗೆ ಗಡ್ಡೆಗೆ ನಾಲ್ಕು ಸಾವಿರದ ಹತ್ತಿರ, ಕುಂಡ, ಜಲ್ಲಿ, ಎಂ ಸ್ಯಾಂಡಿಗೆ ಇನ್ನೊಂದು ಎರಡೂವರೆ ಸಾವಿರ ಹೋಗಿದೆ. ಜಲ್ಲಿಯಲ್ಲಿ ಅರ್ಧ ಮನೆ ರಿಪೇರಿಯದ್ದು, ಅದನ್ನು ಯಾರಿಗೂ ಹೇಳಿಲ್ಲ. ಹೂ ಬಿಡುವ ಗಡ್ಡೆ ಒಂದಕ್ಕೆ ನೂರೈವತ್ತರಂತೆ ಇಪ್ಪತ್ತೆರಡು ಮಾರಿದ್ದೇನೆ. ಇನ್ನೂ ಮೂರು ಸಾವಿರದಷ್ಟು ಲುಕ್ಸಾನು. ನಮ್ಮ ಮನೆಯವರಿಗೆ ಹೇಳುವಾಗ ಸಮಸಮ ಅಂದಿದ್ದೇನೆ.

ಬೀಜವನ್ನೂ ಹಾಕಿದ್ದೇನೆ. ಕಪ್ಪಗೆ ಹೊಳೆಯುವ ಬೀಜ, ಒಂದು ಕಡ್ಡಿಯಲ್ಲಿ ಒಂದು ಹಿಡಿ ಸಿಗುತ್ತದೆ. ಬೈಕಲರ್ ಪಕ್ಕ ಕೊಮೋಸಾ ಹೂಬಿಟ್ಟ ವರ್ಷದ್ದು, ಹಾಗಾಗಿ ಏನಾಗುತ್ತದೋ ನೋಡಬೇಕು. ಹುಟ್ಟಿ ಮೂರನೇ ವರ್ಷ ಈಗ. ಗಡ್ಡೆ ಸಾಂಬಾರ್ ಈರುಳ್ಳಿಯಷ್ಟು ದಪ್ಪ ಆಗಿದೆ. ಎರಡರ ಎಲೆಯ ಬುಡದಲ್ಲಿ ಕೆಂಪು ಚುಕ್ಕಿ ಇದೆ, ಉಳಿದವಕ್ಕೆ ಇಲ್ಲ. ಹೂ ಬಂದಾಗ ಮೊದಲು ಅತ್ತೆಯಿಂದ ಮೂಸಿಸುತ್ತೇನೆ.