ಪೂಲ್ ಪಂಪ್ ಬದಲಿಸೋ ಮುಂಚೆ
ಅಮೆರಿಕದ ಫೀನಿಕ್ಸ್ ಕಡೆ ಮನೆ ಹಿಂದೆ ಪೂಲ್ ಇರೋರಿಗೆ: ಹಳೇ ಪಂಪ್ ಕೈ ಕೊಟ್ಟರೆ ಅದೇ ಥರದ್ದು ತಂದು ಕೂರಿಸಬೇಡಿ, ವೇರಿಯಬಲ್ ಸ್ಪೀಡ್‌ದು (ವೇಗ ಹೆಚ್ಚುಕಮ್ಮಿ ಮಾಡಬಹುದಾದ್ದು) ನೋಡಿ. 3450 ಆರ್‌ಪಿಎಂನಿಂದ 1725ಕ್ಕೆ ಇಳಿಸಿದರೆ ನೀರಿನ ಹರಿವು ಅರ್ಧ ಆಗುತ್ತೆ, ಆದರೆ ಕರೆಂಟ್ ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗ ಸಾಕು! ಎರಡರಷ್ಟು ಹೊತ್ತು ಓಡಿಸಿದರೂ ಖರ್ಚು ಹೆಚ್ಚುಕಮ್ಮಿ ಕಾಲು ಭಾಗ. ಮೋಟರ್ ನಷ್ಟ ಸೇರಿದರೆ ತುಸು ಜಾಸ್ತಿ, ಅಷ್ಟೇ.

ಎಚ್‌ಪಿ ನೋಡಿ ಮರುಳಾಗಬೇಡಿ. ಲೇಬಲ್ ಮೇಲಿನ ಡಬ್ಲ್ಯೂಇಎಫ್ ಅಂಕಿ ನೋಡಿ. ಒಂದು ಯೂನಿಟ್‌ಗೆ ಎಷ್ಟು ಸಾವಿರ ಗ್ಯಾಲನ್ ಅಂತ ಅದು ಹೇಳುತ್ತೆ, ಜಾಸ್ತಿ ಇದ್ದಷ್ಟೂ ಒಳ್ಳೇದು. ಹಳೇದು 115 ವೋಲ್ಟೋ 230ರದ್ದೋ ಮೊದಲೇ ನೋಡ್ಕೊಳ್ಳಿ.

ನಾನು ಆಸೆಬುರುಕನ ಹಾಗೆ ವೇಗ ತೀರಾ ಕಡಿಮೆಗೆ ಇಳಿಸಿದ್ದೆ. ಎಲೆಗಳು ಸ್ಕಿಮ್ಮರ್ (ನೀರಿನ ಮೇಲಿನ ಕಸ ಎಳೆದುಕೊಳ್ಳೋ ಕಿಂಡಿ) ಬಾಯಿ ತನಕ ಬಂದು ಅಲ್ಲೇ ತೇಲ್ತಾ ನಿಂತವು. ಈಗ ದಿನಕ್ಕೊಂದು ತಾಸು ಜೋರಾಗಿ ಓಡಿಸ್ತೀನಿ.