ಸೂರ್ಯ ಕಪ್ಪುಕುಳಿಯಾದರೆ ಭೂಮಿ ಎಲ್ಲಿಗೆ ಹೋಗುತ್ತೆ?

ಫಸ್ಟ್ ಪಿಯು ಸೇರುವ ಹೊತ್ತಿಗೆ ಊರಿನ ಲೈಬ್ರರಿಯಲ್ಲಿದ್ದ ವಿಜ್ಞಾನದ ಪುಸ್ತಕಗಳನ್ನೆಲ್ಲ ಮುಗಿಸಿದ್ದೆ. ಕಪ್ಪುಕುಳಿ (ಬ್ಲ್ಯಾಕ್ ಹೋಲ್, ಬೆಳಕು ಕೂಡ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವದ ಕಾಯ) ಬಗ್ಗೆ ನನಗೆ ಗೊತ್ತಿಲ್ಲದ್ದೇ ಇಲ್ಲ ಅನ್ನುವ ಜಂಬ ಬೇರೆ. ಗುರುತ್ವದ ಪಾಠದ ದಿನ ಮೇಷ್ಟ್ರು ಕೇಳಿದರು: "ಸೂರ್ಯ ಈಗಲೇ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಆಗಿಬಿಟ್ರೆ ಭೂಮಿಗೆ ಏನಾಗುತ್ತೆ?"

"ಒಳಗೆ ಎಳ್ಕೊಂಡುಬಿಡುತ್ತೆ ಸಾರ್" ಅಂದೆ.

"ಬಾ, ಬೋರ್ಡ್ ಮೇಲೆ ಸೂತ್ರ ಬರಿ."

ಬರೆದೆ. ಜಿ, ದೊಡ್ಡ ಎಂ, ಸಣ್ಣ ಎಂ, ಕೆಳಗೆ ದೂರದ ವರ್ಗ. "ಇದರಲ್ಲಿ ಯಾವುದಪ್ಪ ಬದಲಾಗಿದ್ದು?" ಚಾಕ್‌ಪೀಸ್ ಹಿಡಿದು ನೋಡುತ್ತಾ ನಿಂತೆ. ದ್ರವ್ಯರಾಶಿ ಅಷ್ಟೇ. ದೂರವೂ ಅದೇ 15 ಕೋಟಿ ಕಿಲೋಮೀಟರ್. ಭೂಮಿ ಎಲ್ಲಿಗೂ ಹೋಗುವುದಿಲ್ಲ. ಕತ್ತಲಲ್ಲಿ, ಚಳಿಯಲ್ಲಿ ಸುಮ್ನೆ ಸುತ್ತುತ್ತಿರುತ್ತದೆ.

ಪುಸ್ತಕ ಸುಳ್ಳು ಹೇಳಿರಲಿಲ್ಲ. ತೀರಾ ಹತ್ತಿರ ಹೋದರೆ ಅಂತಲೇ ಬರೆದಿತ್ತು. ಎಷ್ಟು ಹತ್ತಿರ ಅಂತ ನಾನು ಕೇಳಿಕೊಂಡಿರಲಿಲ್ಲ, ಅಷ್ಟೇ.

ಅವತ್ತೇ ಒಂದು ನೋಟ್‌ಬುಕ್ ತಂದೆ. ಓದಿದ್ದರಲ್ಲಿ ಅಬ್ಬಾ ಅನ್ನಿಸಿದ ಸಾಲನ್ನು ಬರೆದುಕೊಳ್ಳುವುದು, ಕೆಳಗೆ ಅದರ ಲೆಕ್ಕ ಹಾಕುವುದು. ಮೊದಲ ಲೆಕ್ಕಕ್ಕೆ ಪಾಠದಲ್ಲಿದ್ದ ವಿಮೋಚನಾ ವೇಗದ (ಗುರುತ್ವದ ಹಿಡಿತ ಬಿಡಿಸಿಕೊಂಡು ಹೋಗಲು ಬೇಕಾದ ವೇಗ) ಸೂತ್ರವೇ ಸಾಕಾಯಿತು. ವೇಗದ ಜಾಗದಲ್ಲಿ ಬೆಳಕಿನ ವೇಗ ಹಾಕಿ, ಕಪ್ಪುಕುಳಿಯಾಗಲು ಭೂಮಿ ಎಷ್ಟು ಕುಗ್ಗಬೇಕು ಅಂತ ನೋಡಿದೆ. ತ್ರಿಜ್ಯ ಸುಮಾರು 9 ಮಿಲಿಮೀಟರ್! ಸೊನ್ನೆ ಎಲ್ಲೋ ತಪ್ಪಿರಬೇಕು ಅಂತ ಮೂರು ಸಲ ಮಾಡಿದೆ. ಇಡೀ ಭೂಮಿ ಒಂದು ಗೋಲಿ. ಸೂರ್ಯನಿಗೆ 3 ಕಿಲೋಮೀಟರ್ ಬಂತು. (ನ್ಯೂಟನ್ ದಾರಿಯಲ್ಲಿ ಹೋದರೂ ಐನ್‌ಸ್ಟೈನ್ ಉತ್ತರವೇ ಸಿಗುವುದು ಇಲ್ಲಿ ಹೆಚ್ಚುಕಮ್ಮಿ ಅದೃಷ್ಟ. ಅದು ಗೊತ್ತಾಗಿದ್ದು ಎಂಎಸ್ಸಿಯಲ್ಲಿ.)

ಕೆಲವು ಸಾಲುಗಳಿಗೆ ಲೆಕ್ಕವೇ ಹುಟ್ಟಲಿಲ್ಲ. ರಬ್ಬರ್ ಹಾಳೆ ಮೇಲೆ ಗುಂಡು ಇಟ್ಟರೆ ಹಾಳೆ ತಗ್ಗುತ್ತದೆ, ದ್ರವ್ಯರಾಶಿ ಸುತ್ತಲಿನ ದೇಶ-ಕಾಲವನ್ನು ಬಾಗಿಸುವುದೂ ಹೀಗೇ, ಗುರುತ್ವ ಅಂದರೆ ಅದೇ ಅನ್ನುತ್ತಾರಲ್ಲ, ಅದು ಅಂಥದ್ದು. ಗುಂಡು ಕೆಳಗೆ ಜಗ್ಗುವುದಕ್ಕೇ ಗುರುತ್ವ ಬೇಕು, ಅಲ್ವಾ? ಜೊತೆಗೆ, ಕೈಬಿಟ್ಟ ಕಲ್ಲು ಬೀಳುವುದರಲ್ಲಿ ಕಾಲ ಬಾಗುವುದರ ಪಾಲೇ ಜಾಸ್ತಿ. ಹಾಳೆಯಲ್ಲಿ ಕಾಲಕ್ಕೆ ಜಾಗವೇ ಇಲ್ಲ.

ಈಗ ನಾನೇ ಪಿಯು ಮೇಷ್ಟ್ರು. ಮಲ್ಟಿವರ್ಸ್ ಬಗ್ಗೆ ಅರ್ಧ ಗಂಟೆ ಮಾತಾಡುವ ಹುಡುಗರು ಇಳಿಜಾರಿನ ಘರ್ಷಣೆ ಲೆಕ್ಕಕ್ಕೆ ತಲೆ ಕೆರೆಯುತ್ತಾರೆ. ಬೈಯಲು ಬಾಯಿ ಬರುವುದಿಲ್ಲ. ಆ ಪುಸ್ತಕಗಳು ಇಲ್ಲದಿದ್ದರೆ ನಾನು ಅಪ್ಪನ ಅಂಗಡಿಯಲ್ಲಿ ಕೂತಿರುತ್ತಿದ್ದೆ. ಅದಕ್ಕೇ ಗೋಲಿ ಲೆಕ್ಕ ಕೊಡುತ್ತೇನೆ. ಪ್ರತಿ ವರ್ಷ ಯಾರಾದರೂ ಬೆಳಕಿನ ವೇಗದ ವರ್ಗ ಮಾಡಲು ಮರೆಯುತ್ತಾರೆ. ಅವರ ಗೋಲಿಯ ತ್ರಿಜ್ಯ ಸುಮಾರು 2,700 ಕಿಲೋಮೀಟರ್, ಬೆಂಗಳೂರಿನಿಂದ ಹೊರಟರೆ ದೆಹಲಿ ದಾಟಿಬಿಡುತ್ತದೆ.