ಊರಿನ ಬಡತನ, ಅಸಮಾನತೆ: ನೀವೇ ಅಳೆಯುವ ಬಗೆ

‘ತಿಂಗಳ ಆದಾಯ ಎಷ್ಟು?’ ಎಂದು ಕೇಳಬೇಡಿ. ಕೂಲಿಯವರಿಗೆ ವಾರದ ಲೆಕ್ಕ, ರೈತರಿಗೆ ಸುಗ್ಗಿಯ ಲೆಕ್ಕ, ಉತ್ತರ ಹೊಂದುವುದಿಲ್ಲ. ಖರ್ಚು ಕೇಳಿ. ಊಟ, ಸೌದೆ, ಬಸ್ ಚಾರ್ಜಿಗೆ ಕಳೆದ 30 ದಿನದ ಲೆಕ್ಕ. ಬಟ್ಟೆ, ಶಾಲೆ ಫೀಸು, ಆಸ್ಪತ್ರೆಗೆ 365 ದಿನದ್ದನ್ನು ಕೇಳಿ 12ರಿಂದ ಭಾಗಿಸಿ. ಹೊಲದಲ್ಲಿ ಬೆಳೆದು ಉಂಡ ರಾಗಿ, ಜೋಳಕ್ಕೂ ಊರಿನ ದರ ಕಟ್ಟಿ. ಇದನ್ನು ಬಿಟ್ಟರೆ ಸಣ್ಣ ರೈತರು ಇರುವುದಕ್ಕಿಂತ ಬಡವರಾಗಿ ಕಾಣುತ್ತಾರೆ. ಒಟ್ಟು ಮೊತ್ತವನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸಿದರೆ ತಲಾ ಖರ್ಚು ಬಂತು.

ಎಲ್ಲ ಕೇರಿಗಳಲ್ಲೂ ಪ್ರತಿ ಹತ್ತನೇ ಮನೆಗೆ ಹೋಗಿ. ದೇವಸ್ಥಾನದ ಬೀದಿಯಲ್ಲೇ ನಿಂತುಬಿಟ್ಟರೆ ಊರು ತಪ್ಪಾಗಿ ಕಾಣುತ್ತದೆ. ದೊಡ್ಡ ಮನೆಯವರು ಉತ್ತರ ಕೊಡದಿದ್ದರೂ ಅಷ್ಟೇ, ಅಸಮಾನತೆ ಕಡಿಮೆಯೆನಿಸುತ್ತದೆ.

ಇನ್ನು ಗಿನಿ ಸೂಚ್ಯಂಕ. ಊರಿನ ಅಸಮಾನತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ ಇದು, ಅಂಕಿ ಹೆಚ್ಚಿದಷ್ಟೂ ಅಸಮಾನತೆ ಹೆಚ್ಚು. ಐದು ಮನೆಗಳ ತಲಾ ಖರ್ಚು 1000, 2000, 3000, 4000, 10000 ರೂಪಾಯಿ ಎನ್ನೋಣ. ಪ್ರತಿ ಮನೆಯಲ್ಲೂ ಐವರು. ಏರಿಕೆ ಕ್ರಮದಲ್ಲಿಟ್ಟು ಕ್ರಮಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ 80000. ದುಪ್ಪಟ್ಟು ಮಾಡಿ, (5 × ಒಟ್ಟು 20000)ರಿಂದ ಭಾಗಿಸಿ: 1.6. ಮನೆಗಳ ಸಂಖ್ಯೆಗೆ ಒಂದು ಕೂಡಿಸಿ, ಮನೆಗಳ ಸಂಖ್ಯೆಯಿಂದಲೇ ಭಾಗಿಸಿ: ಇಲ್ಲಿ 6/5, ಅಂದರೆ 1.2. ಅದನ್ನು 1.6ರಿಂದ ಕಳೆಯಿರಿ. ಗಿನಿ 0.40. ಸೊನ್ನೆ ಬಂದರೆ ಎಲ್ಲರದೂ ಸಮಪಾಲು.

ಎಲ್ಲರ ಖರ್ಚೂ ಎರಡರಷ್ಟಾದರೆ ಬಡತನ ತಗ್ಗುತ್ತದೆ, ಗಿನಿ ಮಾತ್ರ ಅಲ್ಲಾಡುವುದಿಲ್ಲ. ಕೊನೆಯ ಮನೆಯೊಂದೇ 20000ಕ್ಕೆ ಏರಿದರೆ ಗಿನಿ 0.53, ಬಡವರ ಸಂಖ್ಯೆ ಇದ್ದಷ್ಟೇ. ಬಡತನ, ಅಸಮಾನತೆ ಇವೆರಡನ್ನು ಒಂದೇ ಎಂದುಕೊಳ್ಳುವುದೇ ಎಲ್ಲ ಗೊಂದಲದ ಮೂಲ.

ಬಡತನ ಎಣಿಸಲು ರೇಖೆ ಬೇಕು, ತಲಾ ಖರ್ಚು ಅದಕ್ಕಿಂತ ಕಡಿಮೆ ಇದ್ದವರು ಬಡವರು. ಯೋಜನಾ ಆಯೋಗ ನೇಮಿಸಿದ್ದ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ರ ಗ್ರಾಮೀಣ ಕರ್ನಾಟಕದ ರೇಖೆ ತಲಾ ತಿಂಗಳಿಗೆ 902 ರೂಪಾಯಿ. ಇದನ್ನು ಇವತ್ತಿಗೆ ಹಾಗೇ ಬಳಸಬೇಡಿ, ಬೆಲೆ ಏರಿಕೆ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿಕೊಳ್ಳಿ.

ಪರಿಹಾರವನ್ನೂ ಇದೇ ಲೆಕ್ಕದಲ್ಲಿ ಪರೀಕ್ಷಿಸಬಹುದು. ಗೃಹಲಕ್ಷ್ಮಿಯ 2000 ರೂಪಾಯಿ ಐವರ ಮನೆಗೆ ತಲಾ 400. ಮೇಲಿನ ಲೆಕ್ಕಕ್ಕೆ ಹಣ ಸೇರಿಲ್ಲವೆಂದುಕೊಳ್ಳಿ. ಆದಾಯ ತೆರಿಗೆ ಕಟ್ಟುವ ಐದನೇ ಮನೆ ಬಿಟ್ಟು ಉಳಿದ ನಾಲ್ಕಕ್ಕೂ ಸಿಕ್ಕಿ ಪೂರ್ತಿ ಖರ್ಚಾದರೆ ಗಿನಿ 0.36ಕ್ಕೆ ಇಳಿಯುತ್ತದೆ. ಇದು ಸಣ್ಣ ಇಳಿಕೆಯಲ್ಲ.

ಆದರೆ ಹಣ ಕೈಸಾಲದ ಬಡ್ಡಿಗೇ ಹೋದರೆ ಅಷ್ಟು ಇಳಿಯದು. ಅದಕ್ಕೇ ತಲಾ ಖರ್ಚಿನ ಪಕ್ಕದಲ್ಲಿ ಮೂರು ಕಾಲಂ ಇಡಿ: ನೀರಾವರಿ ಜಮೀನು ಎಷ್ಟು, ಸಾಲ ಯಾತಕ್ಕೆ, ವರ್ಷದಲ್ಲಿ ಕೂಲಿ ಸಿಕ್ಕ ದಿನ ಎಷ್ಟು. ಕೆಳಗಿನ ಮನೆಗಳ ಸಾಲವೆಲ್ಲ ಆಸ್ಪತ್ರೆಯದಾದರೆ ಆ ಊರಿಗೆ ಮೊದಲು ಬೇಕಾದದ್ದು ಹತ್ತಿರದ ಸರ್ಕಾರಿ ಚಿಕಿತ್ಸೆ. ಮರುಎಣಿಕೆಯನ್ನು ಮುಂದಿನ ವರ್ಷ ಅದೇ ತಿಂಗಳಲ್ಲಿ ಮಾಡಿ. ಸುಗ್ಗಿಯನ್ನು ಆಷಾಢಕ್ಕೆ ಹೋಲಿಸಿದರೆ ಬದಲಾದದ್ದು ಊರೋ ಋತುವೋ ತಿಳಿಯುವುದಿಲ್ಲ.